ಚಾವಡಿಯ ಕಂಪ್ಯೂಟರು ಏಳದ ದಿನ

ನಮ್ಮೂರಿನಲ್ಲಿ ಯಾರೂ ತಾವಾಗಿ ಏಳುವುದಿಲ್ಲ. ಹೆಸರು ಹಿಡಿದು ಕರೆದರೆ ಏಳುತ್ತಾರೆ, ಕರೆಯದಿದ್ದರೆ ಮಲಗಿಯೇ ಇರುತ್ತಾರೆ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಅವರೂ ನಮ್ಮೂರಿನಲ್ಲಿ ಒಂದು ರಾತ್ರಿ ತಲೆ ಇಟ್ಟರೆ ಬೆಳಿಗ್ಗೆ ಏಳಲು ನನ್ನ ಬಾಯಿಯನ್ನೇ ಕಾಯಬೇಕು. ಊರಿಗೆ ಒಬ್ಬರು ಕರೆಯುವವರು ಇರಲೇಬೇಕಲ್ಲ, ಆ ಒಬ್ಬರು ರಾತ್ರಿ ನಿದ್ದೆ ಮಾಡುವಂತಿಲ್ಲ. ಆ ಒಬ್ಬರು ಎಂದರೆ ನಾನೇ, ದೇವೀರಮ್ಮ. ನನಗಿಂತ ಮೊದಲು ಅತ್ತೆ ಕರೆಯುತ್ತಿದ್ದರು. ನಾನು ಮದುವೆಯಾಗಿ ಬಂದ ವರ್ಷವೇ ಅವರು ಲಾಂದ್ರವನ್ನು ನನ್ನ ಕೈಗೆ ಕೊಟ್ಟು, "ಇವತ್ತೊಂದು ರಾತ್ರಿ ನೀನು ನೋಡ್ಕೊಳ್ಳವ್ವ" ಎಂದು ಹೇಳಿ ಮಲಗಿದವರು ಎರಡು ಮೂರು ದಿನ ಏಳಲೇ ಇಲ್ಲ. ನಾನೇ ಕರೆದಿರಲಿಲ್ಲ. ಪಾಪ, ಮಲಗಲಿ ಎಂದುಕೊಂಡು ಹೊದಿಕೆ ಸರಿಮಾಡಿ ಬಂದಿದ್ದೆ.

ಕರೆಯುವುದಕ್ಕೂ ಒಂದು ಕ್ರಮವಿದೆ. ಮನೆಗೆ ಒಬ್ಬರನ್ನು ಕರೆದರೆ ಸಾಕು. ಬಾಗಿಲ ಮುಂದೆ ನಿಂತು, "ಪುಟ್ಟಗೌರಮ್ಮಾ, ಬೆಳಗಾಯ್ತು" ಎಂದರೆ ಒಳಗಿನಿಂದ "ಹೂಂ" ಬರಬೇಕು. ಹೂಂ ಬಂದ ಮೇಲೆ ನಾನು ಮುಂದಿನ ಮನೆಗೆ. ಆಮೇಲೆ ಆಕೆ ಗಂಡನನ್ನು, ಮಕ್ಕಳನ್ನು, ಮನಸ್ಸಿದ್ದರೆ ಅತ್ತೆಯನ್ನೂ ಕರೆದು ಎಬ್ಬಿಸುತ್ತಾಳೆ. ಮನೆಗೆ ನೆಂಟರು ಬಂದಿದ್ದರೆ ಮಾತ್ರ ಬೇರೆ. ನೆಂಟರನ್ನು ಮೊದಲು ಕರೆಯಬೇಕು. ಬಂದವರು ಹಾಸಿಗೆಯಲ್ಲಿ ಬಿದ್ದಿರುವಾಗ ಮನೆಯವರು ಅವರ ತಲೆದೆಸೆಯಲ್ಲಿ ಪಾತ್ರೆ ಸದ್ದು ಮಾಡಿಕೊಂಡು ಓಡಾಡುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹಾಗೆಯೇ ಬಂದ ನೆಂಟರಿಗೆ "ಹೊರಡಿ" ಎನ್ನುವ ಮಾತೂ ನಮ್ಮೂರಿನವರ ಬಾಯಲ್ಲಿ ಬರುವುದಿಲ್ಲ. ಅವರಾಗಿಯೇ ಚಪ್ಪಲಿ ಹುಡುಕುವ ತನಕ ನಾವು ಅನ್ನಕ್ಕೆ ಇಡುತ್ತಲೇ ಇರುತ್ತೇವೆ.

ಊರಿನವರು ನನ್ನ ಜೊತೆ ಜಗಳವಾಡುವುದಿಲ್ಲ ಎಂದೇನಿಲ್ಲ. ಚೆನ್ನಾಗಿಯೇ ಆಡುತ್ತಾರೆ. ಆದರೆ ಹೊತ್ತು ಮುಳುಗುವುದರೊಳಗೆ ಒಂದು ತಟ್ಟೆ ಕೋಡುಬಳೆಯನ್ನೋ ನಾಲ್ಕು ಬಾಳೆಹಣ್ಣನ್ನೋ ಹಿಡಿದುಕೊಂಡು ಬಂದು, "ಬಿಸಿಲಿಗೆ ಏನೋ ಅಂದ್ಬಿಟ್ಟೆ ಕಣಕ್ಕ" ಎಂದು ಹಲ್ಲು ಕಿರಿಯುತ್ತಾರೆ. ನಾನೂ ಬಿಗುಮಾನ ತೋರಿಸಿಯೇ ತೆಗೆದುಕೊಳ್ಳುತ್ತೇನೆ. ಆದರೆ ಆ ಕೋಡುಬಳೆಯನ್ನು ತಿನ್ನುವುದು ಯಾವಾಗ? ಊರೆಲ್ಲ ಕವಿಚಿಕೊಂಡು ಮಲಗಿರುವಾಗ, ಒಬ್ಬಳೇ ಕೂತು. ನಾನು ಮಲಗುವುದು ಹಗಲಿನಲ್ಲಿ. ಹಗಲ ನಿದ್ದೆಯೂ ಒಂದು ನಿದ್ದೆಯೇ? ಸೊಪ್ಪಿನವಳು ಕೂಗುತ್ತಾಳೆ, ನೊಣ ಮುಖದ ಮೇಲೆ ಕೂರುತ್ತದೆ, ಪಕ್ಕದ ಮನೆಯಲ್ಲಿ ಮೆಣಸಿನಕಾಯಿ ಕುಟ್ಟುತ್ತಾರೆ. ಸಂಜೆ ನನ್ನ ಗಂಡ ನಿಂಗರಾಜು ಬಂದು, "ದೇವೀರಿ, ಏಳು ಏಳು, ಹೊತ್ತಾಯ್ತು" ಎಂದು ಡ್ಯೂಟಿಗೆ ಕಳಿಸುವವನ ಹಾಗೆ ಕರೆಯುತ್ತಾನೆ. ಊರಿಗೆಲ್ಲ ಬೆಳಗಾಯ್ತು ಎಂದು ಹೇಳುವವಳು ನಾನು. ನನಗೆ ಆ ಮಾತನ್ನು ಯಾರೂ ಹೇಳಿಲ್ಲ. ಒಂದೇ ಒಂದು ರಾತ್ರಿ ಎಲ್ಲರ ಹಾಗೆ ಮಲಗಬೇಕು, ಬೆಳಿಗ್ಗೆ ಯಾರಾದರೂ ನನ್ನನ್ನು ಕರೆಯಬೇಕು. ನನಗಿದ್ದ ಆಸೆ ಇಷ್ಟೇ. ಇದಕ್ಕಿಂತ ದೊಡ್ಡ ಆಸೆ ಇದ್ದಿದ್ದರೆ ಎಂದೋ ಮರೆತುಬಿಡುತ್ತಿದ್ದೆನೋ ಏನೋ, ಇದು ಮಾತ್ರ ಮರೆಯಲಿಲ್ಲ.

ಹೋದ ಮಳೆಗಾಲದಿಂದ ನನ್ನ ಗಂಟಲು ಕೈಕೊಡತೊಡಗಿತು. ಮೊದಮೊದಲು ಕೆರೆತ, ಆಮೇಲೆ ಉರಿ, ಆಮೇಲಾಮೇಲೆ ಕೊನೆಯ ಬೀದಿಗೆ ಹೋಗುವಷ್ಟರಲ್ಲಿ ದನಿಯೇ ಹೊರಡುತ್ತಿರಲಿಲ್ಲ. ಪಕ್ಕದ ಪಟ್ಟಣದ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ, "ಏನಮ್ಮಾ, ಸಂತೆಯಲ್ಲಿ ಕೂಗಿ ವ್ಯಾಪಾರ ಮಾಡ್ತೀಯಾ?" ಎಂದು ಕೇಳಿದರು. "ಇಲ್ಲ ಸ್ವಾಮಿ, ಊರು ಎಬ್ಬಿಸ್ತೀನಿ" ಎಂದೆ. ಅವರು ನಗಲಿಲ್ಲ. "ಹೀಗೇ ಕೂಗ್ತಾ ಇದ್ರೆ ದನಿ ಪೂರ್ತಿ ಹೋಗುತ್ತೆ. ಒಂದ್ಸಲ ಹೋದ್ರೆ ಮತ್ತೆ ಬರಲ್ಲ. ಕೂಗೋದನ್ನ ಬಿಡು, ಪಿಸುಮಾತೂ ಬೇಡ" ಎಂದರು. ಬಸ್ಸಿನಲ್ಲಿ ಬರುವಾಗ ನಿಂಗರಾಜು, "ನೀನು ಮಾತಾಡದೆ ಇರಬೇಕಂತೆ. ಈ ಡಾಕ್ಟ್ರು ದೇವರು ಕಣೆ" ಎಂದ. ಅವನ ತೊಡೆ ಚಿವುಟಿದೆ. ಅವನ ಕಣ್ಣಲ್ಲೂ ನೀರಿತ್ತು, ಚಿವುಟಿದ್ದಕ್ಕಲ್ಲ.

ನನ್ನ ಬದಲಿಗೆ ಬೇರೆಯವರನ್ನು ಇಟ್ಟು ನೋಡಿದರು. ಗರಡಿಮನೆಯ ಪೈಲ್ವಾನ ಮೀಸೆ ತಿರುವಿಕೊಂಡು ಬಂದವನು ಲಾಂದ್ರದ ಪಕ್ಕದಲ್ಲೇ ಗೊರಕೆ ಹೊಡೆದ. ಶಾಲೆಯ ಮೇಷ್ಟ್ರು ಫ್ಲಾಸ್ಕಿನ ತುಂಬ ಕಾಫಿ ತಂದು, ಕಾಫಿ ಕುಡಿದು, ಫ್ಲಾಸ್ಕನ್ನು ತಬ್ಬಿಕೊಂಡು ಮಲಗಿದರು. ಕೊನೆಗೆ ಅವರನ್ನೂ ನಾನೇ ಕರೆದು ಎಬ್ಬಿಸಬೇಕಾಯಿತು. ಆಗ ಟೈಪಿಂಗ್ ಅಂಗಡಿಯ ಶಬೀನಾ ಮನೆಗೆ ಬಂದಳು. ತೆಳ್ಳಗಿನ ಹುಡುಗಿ, ಮಾತು ಮಾತ್ರ ಗಟ್ಟಿ. "ದೇವೀರಕ್ಕ, ನಿಮ್ಮ ದನಿ ಹೋಗೋ ಮುಂಚೆ ಅದನ್ನ ಹಿಡಿದಿಟ್ಕೊಳ್ಳೋಣ. ಕಂಪ್ಯೂಟರಿಗೆ ನಿದ್ದೆ ಬರಲ್ಲ. ಅದೇ ಕರೀಲಿ" ಎಂದಳು. ನನಗೆ ಅವಳನ್ನು ಅಲ್ಲೇ ಎತ್ತಿ ಮುದ್ದಾಡಬೇಕು ಎನಿಸಿತು.

ಚಾವಡಿಯಲ್ಲಿ ಕಂಪ್ಯೂಟರು ಬಂದು ಕೂತಿತು. ಬೀದಿಬೀದಿಯ ಕಂಬಕ್ಕೆ ಲೌಡ್‌ಸ್ಪೀಕರು ಕಟ್ಟಿದರು. ಶಬೀನಾ ಅದರೊಳಗೆ ಸಿಸ್ಟಮ್, ಅಂದರೆ ಅದನ್ನು ಎಬ್ಬಿಸಿ ನಡೆಸುವ ಬುದ್ಧಿ, ಹಾಕಿದ ದಿನ ಅರ್ಧ ಊರೇ ಸುತ್ತ ನಿಂತಿತ್ತು. ಅವಳು ಒಂದು ಪೆನ್‌ಡ್ರೈವ್ ಚುಚ್ಚಿ, ಅದರಿಂದ ಸಿಸ್ಟಮ್ಮನ್ನು ಕಂಪ್ಯೂಟರಿನ ಹೊಟ್ಟೆಗೆ, ಹಾರ್ಡ್‌ಡಿಸ್ಕಿಗೆ ಇಳಿಸಿದಳು. ಅದಕ್ಕೂ ಮೊದಲು ಒಂದು ನೀಲಿ ಪರದೆ ತೆರೆದು ಏನನ್ನೋ ಮೇಲೆ ಕೆಳಗೆ ಮಾಡುತ್ತಿದ್ದಳು. ಅದೇನು ಎಂದು ಕೇಳಿದೆ. "ಇದು ಎದ್ದ ತಕ್ಷಣ ಮೊದಲು ಯಾರನ್ನ ಕರೀಬೇಕು ಅನ್ನೋ ಸಾಲು ಅಕ್ಕ. ಈಗ ಪೆನ್‌ಡ್ರೈವ್ ಮೊದಲು, ಆಮೇಲೆ ಹಾರ್ಡ್‌ಡಿಸ್ಕು. ಕೆಲಸ ಮುಗಿದ ಮೇಲೆ ತಿರುಗಿಸಿ ಹಾಕ್ಬೇಕು" ಎಂದಳು. ಅಂದರೆ ಹೊರಗಿನಿಂದ ಬಂದದ್ದು ಮೊದಲು, ಮನೆಯದು ಆಮೇಲೆ. ಅರೆ, ಇದಕ್ಕೂ ನಮ್ಮೂರಿನ ಮರ್ಯಾದೆ ಗೊತ್ತಲ್ಲ ಎಂದು ಎಲ್ಲರಿಗೂ ಹಿಗ್ಗು. ಚಾವಡಿ ಸಮಿತಿಯ ಅಧ್ಯಕ್ಷರಾದ ಗುರುಬಸಪ್ಪನವರು, "ನೆಂಟರು ಮೊದಲು! ತಿರುಗಿಸಬೇಡಮ್ಮ, ಹಾಗೇ ಇರಲಿ" ಎಂದರು. ನಾನೂ, "ಇರಲಿ ಬಿಡು ಶಬೀನಾ, ಒಳ್ಳೆ ಬುದ್ಧಿ ಅದು" ಎಂದೆ. ಅವಳೂ ನಮ್ಮೂರಿನ ಹುಡುಗಿಯೇ ತಾನೆ, ನಕ್ಕು ಸಾಲನ್ನು ಹಾಗೇ ಬಿಟ್ಟಳು. ಪೆನ್‌ಡ್ರೈವ್ ಕಿತ್ತುಕೊಂಡು ಹೋದಳು. ಅಂದಿನಿಂದ ಕಂಪ್ಯೂಟರು ಗುಂಡಿ ಒತ್ತಿದರೆ ಸಾಕು, ಒಳ್ಳೆಯ ಸೊಸೆಯ ಹಾಗೆ ಎದ್ದು ಕೂರುತ್ತಿತ್ತು.

ಆಮೇಲೆ ಒಂದು ದಿನ ಬೆಳಿಗ್ಗೆ ಊರೆಬ್ಬಿಸಿ ಬಂದವಳೇ ಮೈಕಿನ ಮುಂದೆ ಕೂತು ಊರಿನ ಮನೆಮನೆಯ ಹೆಸರನ್ನೂ ಕರೆದೆ. ಒಂದೊಂದು ಹೆಸರಿಗೂ ಒಂದೊಂದು ರಾಗವಿದೆ. ಪುಟ್ಟಗೌರಮ್ಮನನ್ನು ಮೆತ್ತಗೆ ಕರೆಯಬೇಕು, ಬೆಚ್ಚಿಬೀಳುತ್ತಾಳೆ. ಗುರುಬಸಪ್ಪನವರನ್ನು "ಅವರೇ" ಸೇರಿಸಿ ಕರೆಯಬೇಕು, ಇಲ್ಲದಿದ್ದರೆ ಎದ್ದೂ ಏಳದವರ ಹಾಗೆ ಬಿದ್ದಿರುತ್ತಾರೆ. ಒಂದು ಹೆಸರಿಗೆ ನಾಲ್ಕು ಸಲ ಕೆಮ್ಮಿ, ಬಿಸಿನೀರು ಕುಡಿದು, ಇರುವ ದನಿಯನ್ನೆಲ್ಲ ಹಿಂಡಿ ಅದರೊಳಗೆ ಸುರಿದೆ. ಕೊನೆಯ ಹೆಸರು ಮುಗಿದಾಗ ಗಂಟಲಿನಲ್ಲಿ ಬರೀ ಗಾಳಿ ಉಳಿದಿತ್ತು. ಶಬೀನಾ ನನ್ನ ಬಾಯಿಯ ಮೇಲೆ ಕೈಯಿಟ್ಟು, "ಮುಗೀತು. ಇನ್ನು ಬಾಯಿ ಬಿಟ್ರೆ ನೋಡಿ" ಎಂದಳು.

ಅಂದೇ ಕಂಪ್ಯೂಟರಿಗೆ ಪೂಜೆ. ಅಂದು ರಾತ್ರಿಯಿಂದ ಅದರ ಪಾಳಿ. ಗುರುಬಸಪ್ಪನವರು ರೇಷ್ಮೆ ಶಲ್ಯ ಹೊದ್ದು, ಕೈಯಲ್ಲಿ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವ್ ಹಿಡಿದು ಬಂದರು. ಅವರ ಬೀಗರು, ಮಗಳ ಮಾವನವರು, ನಾದಸ್ವರ ತುಂಬಿ ಕಳಿಸಿದ್ದಂತೆ. ಹೆಸರು ಕರೆಯುವ ಮೊದಲು ಮಂಗಳವಾದ್ಯ ಮೊಳಗಲಿ ಎಂದು. ಶಬೀನಾ ಅದನ್ನು ಕಾಪಿ ಮಾಡಿಕೊಂಡು ಕೊಡುತ್ತೇನೆ ಎಂದರೆ ಅವರು ಒಪ್ಪಲಿಲ್ಲ. "ಬೀಗರ ಮನೆಯಿಂದ ಬಂದಿರೋದು. ಬಂದಿದ್ದನ್ನ ಬಾಗಿಲಿಂದಾನೇ ವಾಪಸ್ ಕಳಿಸ್ತಾರೇನಮ್ಮ? ಅಲ್ಲೇ ಇರಲಿ" ಎಂದು ತಾವೇ ಚುಚ್ಚಿ, ಅದಕ್ಕೆ ಕುಂಕುಮ ಇಟ್ಟು, ಒಂದು ಸೇವಂತಿಗೆಯನ್ನೂ ಸಿಕ್ಕಿಸಿದರು. ಆಮೇಲೆ ಕಂಪ್ಯೂಟರು ದಕ್ಷಿಣಕ್ಕೆ ಮುಖ ಮಾಡಿದೆ, ಪೂರ್ವಕ್ಕೆ ತಿರುಗಿಸಿ ಎಂದರು. ಆರಿಸಿ, ನಾಲ್ಕು ಜನ ಮೇಜನ್ನು ಎತ್ತಿ ತಿರುಗಿಸಿದರು. ಶಬೀನಾ ಗುಂಡಿ ಒತ್ತಿದಳು.

ಕಪ್ಪು ಪರದೆ. ಅದರ ಮೇಲ್ತುದಿಯಲ್ಲಿ ಇಂಗ್ಲಿಷಿನ ಒಂದೇ ಒಂದು ಸಾಲು. ಆ ಸಾಲಿನ ಮುಂದೆ ಒಂದು ಸಣ್ಣ ಗೆರೆ ಕಣ್ಣು ಮಿಟುಕಿಸುತ್ತಿತ್ತು. ಶಬೀನಾ ಓದಿದಳು. ಅವಳ ಮುಖ ಇಳಿಯಿತು. "ಸಿಸ್ಟಮ್ಮೇ ಇಲ್ಲ ಅಂತಿದೆ" ಎಂದಳು.

ಆರಿಸಿ ಹಾಕಿದಳು. ಅದೇ ಸಾಲು. ಇನ್ನೊಂದು ಸಲ. ಅದೇ. ಗುಂಪಿನಲ್ಲಿ ಯಾರೋ, "ಹೆಸರು ಹಿಡಿದು ಕರೀಬೇಕೇನೋ" ಎಂದರು. ಕಂಪ್ಯೂಟರಿಗೆ ಹೆಸರೇ ಇಟ್ಟಿರಲಿಲ್ಲ. ಪುಟ್ಟಗೌರಮ್ಮ ಮುಂದೆ ಬಂದು, "ಕಂಪ್ಯೂಟರಪ್ಪಾ, ಬೆಳಗಾಯ್ತು" ಎಂದು ನನ್ನ ಹಾಗೆಯೇ ರಾಗ ಎಳೆದಳು. ಮಧ್ಯಾಹ್ನ ಹೊತ್ತು ನೆತ್ತಿಯ ಮೇಲಿತ್ತು. ನಗಬೇಕು ಎನಿಸಿತು, ಆದರೆ ನಾನೂ ಅದರ ಹೂಂಗೆ ಕಿವಿ ಕೊಟ್ಟು ನಿಂತಿದ್ದೆ.

ಎತ್ತಿ ತಿರುಗಿಸುವಾಗ ಒಳಗೆ ಏನೋ ಸಡಿಲವಾಗಿರಬೇಕು ಎಂದು ಶಬೀನಾ ಡಬ್ಬಿಯ ಪಕ್ಕದ ತಗಡು ಬಿಚ್ಚಿದಳು. ಒಳಗಿದ್ದ ತಂತಿಗಳನ್ನೆಲ್ಲ ಕಿತ್ತು ಮತ್ತೆ ಒತ್ತಿ ಕೂರಿಸಿದಳು. ಉದ್ದನೆಯ ಹಸಿರು ಪಟ್ಟಿಯೊಂದನ್ನು ಹೊರತೆಗೆದು, ಅದರ ಹಳದಿ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿ, ಟಕ್ಕೆಂದು ಕೂರಿಸಿದಳು. ಅದು ಕಂಪ್ಯೂಟರಿನ ನೆನಪಂತೆ. ಹಾಕಿದರೆ ಮತ್ತೆ ಅದೇ ಕಪ್ಪು, ಅದೇ ಸಾಲು. ಹಾರ್ಡ್‌ಡಿಸ್ಕಿನ ಮೇಲೆ ಕೈಯಿಟ್ಟು, "ಅಕ್ಕ, ಮುಟ್ಟಿ ನೋಡಿ" ಎಂದಳು. ಮುಟ್ಟಿದೆ. ಮಲಗಿರುವ ಮಗುವಿನ ಎದೆಯ ಹಾಗೆ ಒಳಗೆ ಸಣ್ಣಗೆ ಅದುರುತ್ತಿತ್ತು. "ಸತ್ತಿಲ್ಲ" ಎಂದಳು. "ಸತ್ತಿಲ್ಲ, ಆದರೆ ಏಳ್ತಾ ಇಲ್ಲ." ಹೀಗೆ ಏಳದವರನ್ನು ನನ್ನ ಜನ್ಮದಲ್ಲಿ ಎಷ್ಟೊಂದು ಜನರನ್ನು ನೋಡಿದ್ದೇನೆ. ಆದರೆ ಅವರಿಗೆಲ್ಲ ಹೆಸರಿತ್ತು, ನನಗೆ ದನಿಯಿತ್ತು.

ಬಿಸಿಲು ಚಾವಡಿಯ ಮೆಟ್ಟಿಲಿಂದ ಇಳಿಯತೊಡಗಿತು. ಜನ ಒಬ್ಬೊಬ್ಬರೇ ಆಕಳಿಸುತ್ತಿದ್ದರು. ನಮ್ಮೂರಿನಲ್ಲಿ ಕತ್ತಲಾಗುತ್ತಿದ್ದಂತೆ ರೆಪ್ಪೆ ತಾನಾಗಿಯೇ ಎಳೆಯುತ್ತದೆ. ಶಬೀನಾ ಹಣೆಯ ಬೆವರು ಒರೆಸಿಕೊಂಡು, "ಉಳಿದಿರೋದು ಒಂದೇ ದಾರಿ. ಹೊಸದಾಗಿ ಸಿಸ್ಟಮ್ ಹಾಕ್ಬೇಕು. ಆದರೆ ಹಾಗೆ ಹಾಕಿದ್ರೆ ಒಳಗಿರೋದೆಲ್ಲ ಅಳಿಸಿಹೋಗುತ್ತೆ" ಎಂದಳು.

"ಎಲ್ಲಾ ಅಂದ್ರೆ?" ಎಂದು ನಿಂಗರಾಜು ಕೇಳಿದ.

"ದೇವೀರಕ್ಕನ ದನಿ."

"ಇನ್ನೊಂದು ಕಾಪಿ ಇಟ್ಟಿಲ್ವೇನವ್ವಾ?"

"ಇವತ್ತು ಸಂಜೆ ಮಾಡೋಣ ಅಂತಿದ್ದೆ ಅಣ್ಣ" ಎಂದು ಹೇಳಿ ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು.  ನಿಂಗರಾಜು ಅವಳಿಗೆ ಒಂದು ಲೋಟ ನೀರು ತಂದುಕೊಟ್ಟ. ನಾನು ಅವಳ ಪಕ್ಕದಲ್ಲಿ ಕೂತೆ. ನನ್ನ ದನಿಯೆಲ್ಲ ಆ ತಗಡಿನ ಡಬ್ಬಿಯೊಳಗಿತ್ತು, ಡಬ್ಬಿ ಬಾಯಿ ಮುಚ್ಚಿಕೊಂಡು ಕೂತಿತ್ತು. 

ಗುರುಬಸಪ್ಪನವರು ಕೆಮ್ಮಿದರು. ಅವರು ಕೆಮ್ಮಿದರೆ ಏನೋ ಕೇಳುತ್ತಾರೆ ಎಂದೇ ಅರ್ಥ. "ದೇವೀರಮ್ಮಾ, ಏನೂ ತಿಳ್ಕೋಬೇಡ. ಇವತ್ತೊಂದು ರಾತ್ರಿ ಅಡ್ಜಸ್ಟ್ ಮಾಡ್ಕೊ. ಕರೆಯೋರಿಲ್ಲ ಅಂದ್ರೆ ಊರು ಹೆಣದ ಹಾಗೆ ಬಿದ್ದಿರುತ್ತೆ. ನಾಳೆ ಏನಾದ್ರೂ ಮಾಡೋಣ" ಎಂದರು. ಸುತ್ತ ನಿಂತವರು ನೆಲ ನೋಡಿದರು. ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. ಕೆಟ್ಟ ಮಾತಾಗಿದ್ದರೆ ತಿರುಗಿಸಿ ಹೇಳಬಹುದಿತ್ತು. ಇವತ್ತೊಂದು ರಾತ್ರಿ ಎನ್ನುವುದು ಎಷ್ಟು ಉದ್ದವಿರುತ್ತದೆ ಎಂದು ನನಗೆ ಗೊತ್ತು. ಅತ್ತೆ ಲಾಂದ್ರ ಕೊಟ್ಟಾಗಲೂ ಇವತ್ತೊಂದು ರಾತ್ರಿ ಎಂದೇ ಅಂದುಕೊಂಡಿದ್ದೆ. ಇಂದು ಕರೆದರೆ ದನಿ ಹೋಗುತ್ತದೆ. ದನಿ ಹೋದರೆ ಊರಿಗೂ ಇಲ್ಲ, ನನಗೂ ಇಲ್ಲ. ಇಷ್ಟಾದರೂ, ನೋಡಿ, ನನ್ನ ಕೈ ಲಾಂದ್ರವನ್ನು ಹುಡುಕುತ್ತಿತ್ತು. ಅಭ್ಯಾಸ ಹಾಳಾದ್ದು.

ನಿಂಗರಾಜು ಎದ್ದು ನಿಂತ. ಅವನು ಸಭೆಯಲ್ಲಿ ಮಾತನಾಡಿದವನಲ್ಲ. "ಅವಳು ಕರಿಯಲ್ಲ" ಎಂದ. "ಬೇಕಾದ್ರೆ ಊರು ಮಲಗಲಿ ಸ್ವಾಮಿ. ನಾನೂ ಮಲಗ್ತೀನಿ. ಅವಳು ಕರಿಯಲ್ಲ." ಅವನನ್ನು ಕಟ್ಟಿಕೊಂಡು ಇಷ್ಟು ವರ್ಷವಾಯಿತು, ಅವನು ಇಷ್ಟು ಚೆಂದ ಕಂಡದ್ದು ಅದೇ ಮೊದಲು.

ಶಬೀನಾ ಮಾತ್ರ ಇದೊಂದನ್ನೂ ಕೇಳಿಸಿಕೊಂಡಿರಲಿಲ್ಲ. ಸೋಲುವವರ ಜಾತಿಯಲ್ಲ ಅವಳು. ಮತ್ತೆ ಹೋಗಿ ಕಂಪ್ಯೂಟರನ್ನು ಹಾಕಿ, ಒಂದು ಕೀಲಿಯನ್ನು ಟಪಟಪ ಬಡಿದಳು. ಅವತ್ತಿನ ನೀಲಿ ಪರದೆ ತೆರೆದುಕೊಂಡಿತು. "ಹಾರ್ಡ್‌ಡಿಸ್ಕು ಇಲ್ಲಿ ಕಾಣ್ತಾ ಇದೆ. ಹೆಸರು ಸಮೇತ ಇದೆ. ಮನೆಯವರು ಮನೆಯಲ್ಲೇ ಇದಾರೆ. ಮತ್ತೆ ಯಾಕೆ ಇಲ್ಲ ಅನ್ನುತ್ತೆ? ಯಾರು ಹೇಳ್ತಾ ಇದಾರೆ ಇಲ್ಲ ಅಂತ?" ಎಂದು ತನ್ನಷ್ಟಕ್ಕೇ ಗೊಣಗಿದಳು. ಆಮೇಲೆ ತಟ್ಟನೆ ನನ್ನ ಕಡೆ ತಿರುಗಿದಳು. "ದೇವೀರಕ್ಕ, ನೀವು ಮಾತಾಡ್ಬೇಡಿ, ತಲೆ ಮಾತ್ರ ಆಡಿಸಿ. ನೆಂಟರಿರೋ ಮನೇಲಿ ಮೊದಲು ನೆಂಟರನ್ನ ಕರೀತೀರಿ, ಹೌದಾ?"

ತಲೆಯಾಡಿಸಿದೆ.

"ನೆಂಟ ಹೂಂ ಅಂದ. ಆಮೇಲೆ ಮುಂದಿನ ಮನೆಗೆ ಹೋಗ್ತೀರಾ?"

ಇಲ್ಲ ಎಂದು ಜೋರಾಗಿ ತಲೆಯಾಡಿಸಿದೆ. ಹೋದರೆ ಗತಿಯೇನು? ನೆಂಟನಿಗೆ ಮನೆಯವರ ಹೆಸರೆಲ್ಲ ಎಲ್ಲಿ ಗೊತ್ತಿರುತ್ತದೆ? ಅವನು ಎದ್ದು ಕೂತು, ಕಾಫಿ ಯಾವಾಗ ಬರುತ್ತದೆ ಎಂದು ಗೋಡೆ ನೋಡುತ್ತಿರುತ್ತಾನೆ ಅಷ್ಟೆ. ಅದಕ್ಕೇ ನಾನು ಅಲ್ಲೇ ನಿಂತು ಮನೆಯಾಕೆಯನ್ನೂ ಬೇರೆಯಾಗಿ ಕರೆಯುತ್ತೇನೆ. ಇದನ್ನೆಲ್ಲ ಕೈಯಲ್ಲಿ, ಕಣ್ಣಲ್ಲಿ, ಹುಬ್ಬಿನಲ್ಲಿ ಮಾಡಿ ತೋರಿಸಿದೆ. ಶಬೀನಾ ನೋಡುತ್ತ ನೋಡುತ್ತ ಬಾಯಿ ತೆರೆದಳು.

"ಅಯ್ಯೋ ನನ್ನ ತಲೆಗಿಷ್ಟು!" ಎಂದು ಹಣೆ ಬಡಿದುಕೊಂಡಳು. "ಇದು ಹಾಗೆ ನಿಂತು ಕರೆಯೋದಿಲ್ಲ ಅಕ್ಕ! ಇದು ಒಬ್ಬರನ್ನ ಕರೆಯುತ್ತೆ, ಹೂಂ ಅಂದ್ರೆ ಮನೆ ಪೂರ್ತಿ ಅವರ ಕೈಗೇ ಕೊಟ್ಟು ಹೋಗಿಬಿಡುತ್ತೆ. ಇಷ್ಟು ದಿನ ನೆಂಟ ಇರಲಿಲ್ಲ, ಅದಕ್ಕೇ ನೇರ ಮನೆಯವರನ್ನೇ ಕರೀತಿತ್ತು. ಇವತ್ತು ನೆಂಟ ಇದಾನೆ. ಅವನನ್ನ ಕರೀತು, ಅವನು ಹೂಂ ಅಂದ. ಅವನ ಹತ್ರ ಸಿಸ್ಟಮ್ ಎಲ್ಲಿದೆ? ಇರೋದು ನಾದಸ್ವರ! ಇಲ್ಲ ಅಂತಿರೋದು ಅವನು!"

ಎಲ್ಲರ ಕಣ್ಣೂ ಕುಂಕುಮ ಇಟ್ಟುಕೊಂಡು ಸೇವಂತಿಗೆ ಮುಡಿದು ಕೂತಿದ್ದ ಆ ಪೆನ್‌ಡ್ರೈವಿನ ಮೇಲೆ ಬಿದ್ದವು. ಪೂಜೆಯ ಹೊತ್ತಿನಿಂದ ಅದು ಎಲ್ಲರ ಕಣ್ಣೆದುರಿಗೇ ಇತ್ತು. ಅದನ್ನು ಅನುಮಾನಿಸುವುದು ನಮ್ಮೂರಿನಲ್ಲಿ ಯಾರಿಗೂ ಹೊಳೆಯುವ ವಿಷಯವಾಗಿರಲಿಲ್ಲ.

ಶಬೀನಾ ಕೈ ಚಾಚಿದಳು. ಗುರುಬಸಪ್ಪನವರು ಅಡ್ಡ ಬಂದರು. "ಏ, ಏ, ತಡೆಯಮ್ಮ. ಬೀಗರ ಮನೆಯದು! ಪೂಜೆ ಮಾಡಿ ಕೂರಿಸಿರೋದನ್ನ ಕೀಳ್ತಾರಾ? ನಾಳೆ ಅವರ ಕಿವಿಗೆ ಬಿದ್ರೆ ನನ್ನ ಮಗಳ ಗತಿ ಏನು? ಬೇರೆ ಏನಾದ್ರೂ ಉಪಾಯ ಮಾಡು" ಎಂದರು. ಶಬೀನಾಳ ಕೈ ಗಾಳಿಯಲ್ಲೇ ನಿಂತಿತು. ಎಷ್ಟು ಓದಿದ್ದರೇನು, ನೆಂಟರನ್ನು ಎಬ್ಬಿಸಿ ಕಳಿಸುವ ಧೈರ್ಯ ನಮ್ಮೂರಿನ ಹುಡುಗಿಯ ಕೈಗೆ ಎಲ್ಲಿಂದ ಬರಬೇಕು? ಜನರೂ ಗುಸುಗುಸು ಎಂದರು. ಹೊತ್ತು ಕೆಂಪಾಗುತ್ತಿತ್ತು. ಪೈಲ್ವಾನ ಆಗಲೇ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ.

ನನ್ನೊಳಗೆ ಏನು ಎದ್ದಿತೋ ಕಾಣೆ. ಡಾಕ್ಟರು ನೆನಪಾಗಲಿಲ್ಲ. ಗಂಟಲ ತಳದಲ್ಲಿ ಉಳಿದಿದ್ದ ಚೂರುಪಾರನ್ನೆಲ್ಲ ಒಟ್ಟುಮಾಡಿ, "ಗುರುಬಸಪ್ಪನವರೇ, ಪಕ್ಕಕ್ಕೆ ಸರೀರಿ!" ಎಂದೆ. ತಗಡನ್ನು ಕಲ್ಲಿನ ಮೇಲೆ ಎಳೆದ ಹಾಗಿತ್ತು ಆ ದನಿ. ಅವರು ಬೆಳಿಗ್ಗೆ ಹಾಸಿಗೆಯಿಂದ ಏಳುವ ಹಾಗೆಯೇ ಗಡಬಡಿಸಿ ಸರಿದರು. ಇಷ್ಟು ವರ್ಷ ನನ್ನ ದನಿಗೆ ಎದ್ದ ಮೈ ಅದು, ಬೇರೆ ಏನು ಮಾಡೀತು! ನಾನು ಹೋಗಿ ಸೇವಂತಿಗೆಯನ್ನು ತೆಗೆದು ಮುಡಿದುಕೊಂಡೆ. ಪೆನ್‌ಡ್ರೈವನ್ನು ಎರಡು ಬೆರಳಲ್ಲಿ ಹಿಡಿದು ಎಳೆದೆ. ನಮ್ಮೂರಿನಲ್ಲಿ ನೆಂಟರನ್ನು ಹೊರಗೆ ಹಾಕಿದ ಮೊದಲ ಹೆಂಗಸು ನಾನೇ ಇರಬೇಕು. ಮನಸ್ಸಿಗೆ ಎಷ್ಟು ಹಾಯೆನಿಸಿತು ಎಂದರೆ, ಹಿಂದೆ ಬಂದು ತಿಂಗಳುಗಟ್ಟಲೆ ಕೂತುಹೋದವರೆಲ್ಲ ಕಣ್ಣ ಮುಂದೆ ಸುಳಿದರು.

ಶಬೀನಾ ಗುಂಡಿ ಒತ್ತಿದಳು. ಕಪ್ಪು ಪರದೆ. ಸಾಲು ಬರುತ್ತದೆ ಎಂದು ಕಾದೆವು. ಬರಲಿಲ್ಲ. ಒಳಗೆ ಹಾರ್ಡ್‌ಡಿಸ್ಕು ಕರಕರ ಎಂದಿತು, ಮೈಮುರಿದವರ ಹಾಗೆ. ಪರದೆಯ ನಡುವೆ ಒಂದು ಸಣ್ಣ ಬೆಳಕಿನ ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು. ಆಮೇಲೆ ಪರದೆಯ ತುಂಬ ಬೆಳಕು ಹರಿದು, ಶಬೀನಾ ಅಲ್ಲಿಟ್ಟಿದ್ದ ನಮ್ಮೂರಿನ ಕೆರೆಯ ಚಿತ್ರ ಪೂರ್ತಿ ತೆರೆದುಕೊಂಡಿತು.

ಚಾವಡಿಯ ಹೆಂಚು ಹಾರಿಹೋಗುವ ಹಾಗೆ ಜನ ಕೂಗಿದರು. ತೂಕಡಿಸುತ್ತಿದ್ದ ಪೈಲ್ವಾನನೂ ಬೆಚ್ಚಿ ನೆಟ್ಟಗೆ ನಿಂತು ಏನಾಯಿತು ಎಂದು ತಿಳಿಯದೆಯೇ ಕೂಗಿದ. ಪುಟ್ಟಗೌರಮ್ಮ ಕಂಪ್ಯೂಟರಿಗೆ ದೃಷ್ಟಿ ತೆಗೆದಳು. ಶಬೀನಾ ನನ್ನನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ, "ಬಾಯಿ ಬಿಟ್ರಲ್ಲ ಅಕ್ಕ, ಬಾಯಿ ಬಿಟ್ರಲ್ಲ" ಎಂದು ಬೈದಳು. ಕಣ್ಣೊರೆಸಿಕೊಂಡು ಮೊದಲು ಮಾಡಿದ ಕೆಲಸ ನನ್ನ ದನಿಯನ್ನು ಬೇರೆ ಕಡೆ ಕಾಪಿ ಮಾಡಿಟ್ಟದ್ದು. ಎರಡನೆಯ ಕೆಲಸ, ಮತ್ತೆ ನೀಲಿ ಪರದೆಗೆ ಹೋಗಿ ಆ ಸಾಲನ್ನು ತಿರುಗಿಸಿದ್ದು. ಗುರುಬಸಪ್ಪನವರ ಕಡೆ ನೋಡಿ, "ಇದರಲ್ಲಿ ಮಾತ್ರ ಮನೆಯವರು ಮೊದಲು, ಆಗಬಹುದಾ?" ಎಂದು ಕೇಳಿದಳು. ಅವರು ಶಲ್ಯ ಸರಿಮಾಡಿಕೊಂಡು, "ಮನೆಯವರು ಎದ್ದಿದ್ರೆ ತಾನೆ ನೆಂಟರಿಗೆ ಕಾಫಿ" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಬೀಗರಿಗೆ ಮಾತ್ರ ಯಾರೂ ಹೇಳ್ಬೇಡಿ" ಎಂದರು. ಎದ್ದು ಕೂತ ಕಂಪ್ಯೂಟರಿಗೆ ಬೀಗರ ಪೆನ್‌ಡ್ರೈವನ್ನು ಮತ್ತೆ ಚುಚ್ಚಿದಾಗ ಅದು ಯಾವ ತಕರಾರೂ ಮಾಡಲಿಲ್ಲ. ನಾದಸ್ವರ ನಾಲ್ಕೂ ಬೀದಿಯಲ್ಲಿ ಮೊಳಗಿತು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮನೆಗೆ ಬಂದಾಗ ನಿಂಗರಾಜು ನನ್ನ ಚಾಪೆಯ ಮೇಲೆ ಮನೆಯಲ್ಲಿದ್ದ ದಪ್ಪ ಹಾಸಿಗೆಯನ್ನೆಲ್ಲ ಹಾಸಿಟ್ಟಿದ್ದ. ಲಾಂದ್ರ ಹಚ್ಚಲಿಲ್ಲ. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು, ಬೀದಿಯಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತಿತ್ತು. ಊರು ಮಲಗುವಾಗ ನಾನೂ ಮಲಗುತ್ತಿದ್ದೇನೆ ಎಂಬುದನ್ನು ನಂಬಲಾಗಲಿಲ್ಲ. ಯಂತ್ರದಲ್ಲಿ ಎಲ್ಲರ ಹೆಸರಿದೆ, ನನ್ನ ಹೆಸರಿಲ್ಲ ಎಂದು ಆಗ ಹೊಳೆಯಿತು. ನನ್ನ ಹೆಸರನ್ನು ನಾನೇ ಕರೆದುಕೊಳ್ಳುವುದು ಹೇಗೆ? ಮೈಕಿನ ಮುಂದೆ ಕೂತಾಗ ಅದು ನೆನಪೇ ಆಗಿರಲಿಲ್ಲ. ಎದ್ದು ಹೇಳೋಣ ಎಂದುಕೊಂಡೆ. ಕಾಲು ಏಳಲಿಲ್ಲ. ರೆಪ್ಪೆ ಎಳೆಯಿತು. ಕರೆದರೆ ಏಳುತ್ತೇನೆ, ಇಲ್ಲದಿದ್ದರೆ ಇಲ್ಲ, ಎಲ್ಲರ ಹಾಗೆ ನಾನೂ ಎಂದುಕೊಂಡು ಹೋಗಿಬಿಟ್ಟೆ.

ಬೆಳಿಗ್ಗೆ ನಾದಸ್ವರ ಮೊಳಗಿದ್ದು, ಯಂತ್ರ ಒಂದು ಹೆಸರನ್ನೂ ತಪ್ಪದೆ ಕರೆದದ್ದು, ಊರು ಊರೇ ಹೂಂಗುಟ್ಟಿ ಎದ್ದದ್ದು ಎಲ್ಲವನ್ನೂ ನಿಂಗರಾಜು ಆಮೇಲೆ ಹೇಳಿದ. ನನಗೆ ಅದಾವುದೂ ಗೊತ್ತಿಲ್ಲ. ಎದ್ದವರು ಮುಖ ತೊಳೆಯುವುದನ್ನೂ ಬಿಟ್ಟು ನಮ್ಮ ಮನೆಯ ಮುಂದೆ ಬಂದು ನಿಂತರಂತೆ. ನಿಂಗರಾಜು ಕರೆಯಲು ಹೊರಟರೆ ಶಬೀನಾ ಅವನ ತೋಳು ಹಿಡಿದು, "ಒಬ್ಬರೇ ಕರೀಬೇಡಿ ಅಣ್ಣ, ನಮಗೂ ಬಿಡಿ" ಎಂದಳಂತೆ. ನನಗೆ ಗೊತ್ತಿರುವುದು ಇಷ್ಟೇ. ಎಲ್ಲಿಯೋ ಆಳದಲ್ಲಿದ್ದೆ, ಬೆಚ್ಚಗಿತ್ತು. ಆ ಬೆಚ್ಚನೆಯೊಳಗೆ ನನ್ನ ಹೆಸರು ಬಂತು. ಗಂಡಸರ ದನಿ, ಹೆಂಗಸರ ದನಿ, ಮಕ್ಕಳ ದನಿ, ಎಲ್ಲದರ ನಡುವೆ ಗುರುಬಸಪ್ಪನವರ ಗಡಸು ದನಿ, ಅವಕ್ಕೆಲ್ಲ ಒಂದು ಹೆಜ್ಜೆ ಹಿಂದೆ ನಿಂಗರಾಜುವಿನ ದನಿ.

"ದೇವೀರಮ್ಮಾ, ಬೆಳಗಾಯ್ತು!"

ಎಚ್ಚರವಾಯಿತು. ಪೂರ್ತಿ ಎಚ್ಚರವಾಯಿತು. ಕಣ್ಣಿನಿಂದ ನೀರು ದಿಂಬಿಗೆ ಇಳಿಯುತ್ತಿತ್ತು. ಹೂಂ ಎನ್ನಬೇಕಿತ್ತು, ಬಾಯಿಯವರೆಗೂ ಬಂದಿತ್ತು. ಎನ್ನಲಿಲ್ಲ. ಹೊದಿಕೆಯನ್ನು ಕಿವಿಯ ತನಕ ಎಳೆದುಕೊಂಡು ಗಟ್ಟಿಯಾಗಿ ಕಣ್ಣು ಮುಚ್ಚಿ ಮಲಗಿದೆ. ಹೊರಗೆ ಯಾರೋ, "ಏಳಲಿಲ್ವಲ್ಲ, ಇನ್ನೊಂದ್ಸಲ ಕರೀರಿ" ಎಂದರು. ಕರೆಯಲಿ, ಇನ್ನೊಂದು ಸಲ ಕರೆಯಲಿ.